ವೇಟಿಂಗ್ ಲಿಸ್ಟ್ ಗುಂಪಿಗೆ ಬಿದ್ದಿದ್ದೇನೆ. ಎಂಟು ವಾರ ಸುಮ್ನೆ ಫಾರಂ ತುಂಬುತ್ತಾ ಕೂರಬೇಕಾ?

ಮೂರುಗಂಟೆಯವಳು:

ಎಲ್ಲರಿಗೂ ನಮಸ್ಕಾರ. ಇಲ್ಲಿ ಓದುವುದೇ ಜಾಸ್ತಿ, ಬರೆಯುತ್ತಿರುವುದು ಇದೇ ಮೊದಲು. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ನನ್ನ ಹೆಸರು ನೋಡಿದರೇ ಗೊತ್ತಾಗುತ್ತದೆ. ದಿನಾ ಬೆಳಗಿನ ಜಾವ ಮೂರಕ್ಕೆ ಎಚ್ಚರ. ಅಲಾರಂ ಬೇಡ, ಎದೆ ಹೊಡೆದುಕೊಳ್ಳುವ ಸದ್ದೇ ಸಾಕು. ಎಚ್ಚರವಾದ ತಕ್ಷಣ ನೆನಪಿಗೆ ಬರುವುದು ಹಿಂದಿನ ದಿನ ಕಳಿಸಿದ ಮೇಲ್‌ಗಳು. ನಾನು ಲೆಕ್ಕಪತ್ರದ ಕೆಲಸದಲ್ಲಿದ್ದೇನೆ. ಒಂದು ಮೇಲ್ ಕಳಿಸುವ ಮೊದಲು ಎಂಟು ಹತ್ತು ಸಲ ಓದುತ್ತೇನೆ. ಕಳಿಸಿದ ಮೇಲೆ ಸೆಂಟ್ ಫೋಲ್ಡರ್‌ಗೆ ಹೋಗಿ ಇನ್ನೊಮ್ಮೆ ಓದುತ್ತೇನೆ. ಅಟ್ಯಾಚ್‌ಮೆಂಟ್ ತೆರೆದು, ಸರಿಯಾದ ಫೈಲೇ ಹೋಗಿದೆಯಾ ಅಂತ ನೋಡುತ್ತೇನೆ. ಇಷ್ಟು ವರ್ಷದಲ್ಲಿ ಒಂದು ಸಲವೂ ತಪ್ಪು ಫೈಲ್ ಹೋಗಿಲ್ಲ. ಆದರೂ ಬಿಡುವುದಿಲ್ಲ.

ಆತಂಕ ಮತ್ತು ಖಿನ್ನತೆಗೆ ಆನ್‌ಲೈನ್ ಥೆರಪಿ ಎಷ್ಟು ಕೆಲಸ ಮಾಡುತ್ತದೆ ಎಂದು ಪರೀಕ್ಷಿಸುವ ಒಂದು ಟ್ರಯಲ್ ಬಗ್ಗೆ ಗೆಳತಿ ಹೇಳಿದಳು. ಇಬ್ಬರೂ ಹೆಸರು ಕೊಟ್ಟೆವು. ಮೊದಲು ಎರಡು ಫಾರಂ ತುಂಬಿಸಿದರು. ಖಿನ್ನತೆಯ ಪಿಎಚ್‌ಕ್ಯೂ-9ರಲ್ಲಿ ನನಗೆ 12 ಬಂತು, ಆತಂಕದ ಜಿಎಡಿ-7ರಲ್ಲಿ 16. ಆಮೇಲೆ ಒಪ್ಪಿಗೆಯ ಹಾಳೆ. ಅದಾದ ಮೇಲೆ ತೆರೆಯ ಮೇಲೆ ಒಂದು ಚಕ್ರ ಗಿರಗಿರ ತಿರುಗಿತು. ನಿಂತಾಗ ಬಂದ ಸಾಲು ಹೀಗಿತ್ತು: ನಿಮ್ಮನ್ನು ಕಾಯುವ ಗುಂಪಿಗೆ ಸೇರಿಸಲಾಗಿದೆ, ನಿಮ್ಮ ಪಾಠಗಳು 8 ವಾರಗಳ ನಂತರ ಆರಂಭವಾಗುತ್ತವೆ.

ಗೆಳತಿಗೆ ಪಾಠದ ಗುಂಪು ಸಿಕ್ಕಿತು.

ಅವತ್ತು ಅತ್ತುಬಿಟ್ಟೆ ಅಂದರೆ ನಂಬುತ್ತೀರಾ? ಸಹಾಯ ಬೇಕು ಅಂತ ಬಾಯಿಬಿಟ್ಟು ಕೇಳುವುದಕ್ಕೇ ನನಗೆ ಎರಡು ವರ್ಷ ಬೇಕಾಯಿತು. ಕೇಳಿದರೆ ಸಾಲಿನಲ್ಲಿ ನಿಲ್ಲು ಅಂದರು.

ಈಗ ನಾಲ್ಕನೇ ವಾರ. ಮೊನ್ನೆ ಮತ್ತೆ ಫಾರಂ ಬಂತು. ಕೋಪದಲ್ಲೇ ತುಂಬಿದೆ. ಜಿಎಡಿ-7ರಲ್ಲಿ 11 ಬಂತು! ಯಾರೂ ಏನೂ ಮಾಡಿಲ್ಲ, ಒಂದು ಪಾಠ ಓದಿಲ್ಲ, ಐದು ಅಂಕ ಇಳಿದಿದೆ. ಹಾಗಾದರೆ ನನಗೆ ಏನೂ ಆಗಿರಲಿಲ್ಲವಾ? ಅಥವಾ ಈ ಫಾರಂಗಳೇ ಕಾಗಕ್ಕ ಗೂಬಕ್ಕನ ಕಥೆಯಾ?

ಆ ಕಡೆ ಗೆಳತಿ ಮೂರನೇ ಪಾಠಕ್ಕೇ ನಿಲ್ಲಿಸಿಬಿಟ್ಟಿದ್ದಾಳೆ. ಯಾಕೆ ಅಂದರೆ ಹೇಳುವುದಿಲ್ಲ. ಅವರ ಮೇಲ್ ಬಂದರೆ ತೆರೆಯದೆ ಅಳಿಸುತ್ತಾಳೆ. ಪಾಠ ಬೇಕಿದ್ದ ನನಗೆ ಪಾಠವಿಲ್ಲ, ಪಾಠ ಸಿಕ್ಕವಳು ಓದುತ್ತಿಲ್ಲ. ಇಂಥ ಟ್ರಯಲ್‌ನಿಂದ ಯಾರಿಗೇನು ತಿಳಿಯುತ್ತದೆ? ನಾನೂ ಬಿಟ್ಟುಬಿಡಲಾ?


ಖಾಲಿಡಬ್ಬ:

ಬಿಟ್ಟುಬಿಡಿ. ಇದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಮಾನಸಿಕ ಆರೋಗ್ಯದ 93 ಆಪ್‌ಗಳನ್ನು ಜನ ನಿಜವಾಗಿ ಎಷ್ಟು ಬಳಸುತ್ತಾರೆ ಎಂಬ ಲೆಕ್ಕ 2019ರಲ್ಲಿ ಪ್ರಕಟವಾಗಿತ್ತು. ಇಳಿಸಿಕೊಂಡು 30 ದಿನ ಆದ ಮೇಲೂ ತೆರೆಯುವವರು ನೂರಕ್ಕೆ ಬರೀ 3.3, ಅದೂ ನಡುಮಟ್ಟದ ಆಪ್‌ನಲ್ಲಿ. ನಿಮ್ಮ ಗೆಳತಿ ಮೂರನೇ ಪಾಠದವರೆಗೆ ಹೋದದ್ದೇ ಸಾಧನೆ. ಎದುರಿಗೆ ಮನುಷ್ಯ ಕೂತು ಕೇಳಬೇಕಾದ ಕಷ್ಟವನ್ನು ಫೋನಿನ ಒಳಗೆ ತುರುಕಿದರೆ ಇನ್ನೇನಾಗುತ್ತದೆ?


ಫೋನುಡ್ಯೂಟಿ:

ಖಾಲಿಡಬ್ಬ ಅವರೇ, ಆ 3.3 ಸರಿಯೇ. ಆದರೆ ಅದು ಜನ ತಾವಾಗಿಯೇ ಇಳಿಸಿಕೊಂಡ ಆಪ್‌ಗಳ ಲೆಕ್ಕ. ಟ್ರಯಲ್‌ನಲ್ಲಿ ಬಿಟ್ಟುಹೋದವರ ಹಿಂದೆ ನನ್ನಂಥವರನ್ನು ಬಿಡುತ್ತಾರೆ.

ಮೂರುಗಂಟೆಯವಳು ಅವರೇ, ಇಂಥದೇ ಒಂದು ಟ್ರಯಲ್‌ನಲ್ಲಿ ನಾನು ಮೂರು ವರ್ಷ ಕೆಲಸ ಮಾಡಿದ್ದೇನೆ. ದೊಡ್ಡ ಹುದ್ದೆ ಏನಲ್ಲ. ಫಾರಂ ವಾಪಸ್ ಕಳಿಸದವರಿಗೆ ಫೋನ್ ಮಾಡಿ, ದಯವಿಟ್ಟು ತುಂಬಿ ಅನ್ನುವುದು. ಅರ್ಧ ಜನ ಎತ್ತುವುದಿಲ್ಲ. ಎತ್ತಿದವರಲ್ಲಿ ಅರ್ಧ ಜನ ಕ್ರೆಡಿಟ್ ಕಾರ್ಡ್ ಮಾರುವವನು ಅಂದುಕೊಂಡು ಇಡುತ್ತಾರೆ.

ಮೊದಲು ನಿಮ್ಮ 16 ಯಾಕೆ 11 ಆಯಿತು ಅನ್ನುವುದು. ನೀವು ಹೆಸರು ಕೊಟ್ಟ ದಿನ ನೆನಪಿಸಿಕೊಳ್ಳಿ. ಅದು ಒಳ್ಳೆಯ ದಿನವಾಗಿರಲಿಲ್ಲ, ಅಲ್ವಾ? ಚೆನ್ನಾಗಿ ನಿದ್ದೆ ಮಾಡಿ ಎದ್ದ ಭಾನುವಾರ ಇಂಥ ಟ್ರಯಲ್‌ಗೆ ಯಾರೂ ಹೆಸರು ಕೊಡುವುದಿಲ್ಲ. ಮೂಗಿನವರೆಗೆ ನೀರು ಬಂದಾಗಲೇ ಕೈ ಎತ್ತುತ್ತೇವೆ. ಫಾರಂ ಕೇಳುವುದು ಕಳೆದ ಎರಡು ವಾರದ ಬಗ್ಗೆ, ಅಂದರೆ ನಿಮ್ಮ 16 ಅತಿ ಕೆಟ್ಟ ಎರಡು ವಾರದ ಫೋಟೊ. ಆತಂಕ ಒಂದೇ ಎತ್ತರದಲ್ಲಿ ನಿಲ್ಲುವ ಜಿನುಗು ಮಳೆಯಲ್ಲ, ಏರುತ್ತದೆ, ಇಳಿಯುತ್ತದೆ. ತುದಿಯಲ್ಲಿ ಅಳೆದರೆ ಮುಂದಿನ ಅಳತೆ ಸಾಮಾನ್ಯವಾಗಿ ಕೆಳಗೇ ಇರುತ್ತದೆ. ಹಾಗಂತ ನಿಮಗೆ ಏನೂ ಆಗಿರಲಿಲ್ಲ ಅಂತ ಅಲ್ಲ. ಜಿಎಡಿ-7ರಲ್ಲಿ 10ರ ಮೇಲೆ ಇರುವುದನ್ನು ಈಗಲೂ ಮಧ್ಯಮ ಮಟ್ಟದ ಆತಂಕ ಅಂತಲೇ ಎಣಿಸುತ್ತಾರೆ.

ಈಗ ಯೋಚಿಸಿ. ಕಾಯುವ ಗುಂಪೇ ಇಲ್ಲ, ಎಲ್ಲರಿಗೂ ಪಾಠ ಕೊಟ್ಟರು ಅಂದುಕೊಳ್ಳಿ. ನಿಮ್ಮಂಥವರೆಲ್ಲ 16ರಿಂದ 11ಕ್ಕೆ ಇಳಿಯುತ್ತಾರೆ. ಆಪ್ ಮಾಡಿದವರು ಡಂಗುರ ಹೊಡೆಯುತ್ತಾರೆ: ನೋಡಿ, ಐದು ಅಂಕ! ಆ ಐದು ಅಂಕ ಪಾಠದಿಂದ ಇಳಿದದ್ದೋ, ದಿನ ಕಳೆದು ಇಳಿದದ್ದೋ ಅಂತ ಹೇಳಬಲ್ಲವರು ಯಾರು? ನೀವೊಬ್ಬರೇ. ನೀವು ಕೋಪದಲ್ಲಿ ತುಂಬಿ ಕಳಿಸಿದ ಆ 11ರಿಂದ ಗೊತ್ತಾದ ಐದು ಅಂಕದ ಇಳಿಕೆ ಇದೆಯಲ್ಲ, ಪಾಠದ ಗುಂಪಿನ ಇಳಿಕೆಯಿಂದ ಕಳೆಯಬೇಕಾದ ಸಂಖ್ಯೆ ಅದು. ಲೆಕ್ಕದ ಕೆಲಸದವರು ನೀವು, ನಿಮಗೆ ನಾನು ಇದನ್ನು ಹೇಳಿಕೊಡಬೇಕಾಗಿಲ್ಲ.

ಆದರೆ ವೇಟಿಂಗ್ ಲಿಸ್ಟ್ ಅನ್ನುವುದು ಒಳ್ಳೆಯ ಹೋಲಿಕೆ ಅಂತ ನಾನು ಹೇಳುವುದಿಲ್ಲ. ನಿಮ್ಮ ಸಿಟ್ಟಿಗೆ ಆಧಾರ ಇದೆ. ಕಾಯಿರಿ ಅನ್ನಿಸಿಕೊಂಡವರು ಕಾಯುತ್ತಾರೆ, ಆ ಹೊತ್ತಿನಲ್ಲಿ ಬೇರೆ ದಾರಿ ಹುಡುಕುವುದಿಲ್ಲ. ಜಪಾನಿನ ಫುರುಕಾವಾ ಮತ್ತು ಜೊತೆಯವರು ಖಿನ್ನತೆಗೆ ಸಿಬಿಟಿ (ಆಲೋಚನೆ, ನಡವಳಿಕೆ ಬದಲಿಸಿಕೊಳ್ಳಲು ಕಲಿಸುವ ಮಾತಿನ ಚಿಕಿತ್ಸೆ) ಕೊಟ್ಟ ಟ್ರಯಲ್‌ಗಳನ್ನೆಲ್ಲ ಸೇರಿಸಿ 2014ರಲ್ಲಿ ನೋಡಿದಾಗ, ಏನೂ ಕೊಡದೆ ಬಿಟ್ಟವರಿಗಿಂತ ಕಾಯುವ ಪಟ್ಟಿಯಲ್ಲಿ ಇಟ್ಟವರೇ ಹಿಂದೆ ಬಿದ್ದಂತೆ ಕಂಡಿತು. ಹೋಲಿಸುವ ಗುಂಪು ಹೀಗೆ ಹಿಂದೆ ಬಿದ್ದರೆ ಚಿಕಿತ್ಸೆ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. ಬೇರೆ ದಾರಿಯೂ ಇದೆ. 2004ರಲ್ಲಿ ಆಸ್ಟ್ರೇಲಿಯದಲ್ಲಿ 525 ಜನರನ್ನು ಮೂರು ಗುಂಪು ಮಾಡಿದ್ದರು. ಒಂದು ಗುಂಪಿಗೆ ಮೂಡ್‌ಜಿಮ್ ಎಂಬ ಸಿಬಿಟಿ ತಾಣ, ಇನ್ನೊಂದಕ್ಕೆ ಖಿನ್ನತೆಯ ಬಗ್ಗೆ ಮಾಹಿತಿ ಕೊಡುವ ತಾಣ. ಮೂರನೆಯ ಗುಂಪಿಗೆ ವಾರಕ್ಕೊಮ್ಮೆ ಫೋನ್ ಬರುತ್ತಿತ್ತು. ಥೆರಪಿಸ್ಟ್ ಅಲ್ಲ, ಸಾಮಾನ್ಯ ಜನರೇ ಜೀವನಶೈಲಿ, ಸುತ್ತಮುತ್ತಲಿನ ವಿಚಾರ ಅಂತ ಮಾತಾಡುತ್ತಿದ್ದರು. ಯಾರೋ ಗಮನ ಕೊಟ್ಟರೇ ಎಷ್ಟು ಹಗುರವಾಗುತ್ತದೆ ಅನ್ನುವುದನ್ನು ಕಳೆಯುವುದಕ್ಕೆ ಈ ಏರ್ಪಾಟು. ಆ ಫೋನಿನವರಿಗಿಂತ ಎರಡೂ ತಾಣದವರು ಹೆಚ್ಚು ಸುಧಾರಿಸಿದರು. ಇಲ್ಲಿ ಸ್ವಾರಸ್ಯ ಏನೆಂದರೆ, ಬರೀ ಮಾಹಿತಿಯ ತಾಣವೂ ಕೆಲಸ ಮಾಡಿತ್ತು.

ಇನ್ನು ನಿಮ್ಮ ಗೆಳತಿ. ನಾನು ನಿಜವಾಗಿ ಬರೆಯಲು ಕೂತದ್ದು ಅವರ ಬಗ್ಗೆ.

ಇಂಗ್ಲೆಂಡಿನಲ್ಲಿ 691 ಜನರ ಮೇಲೆ ನಡೆದ ಒಂದು ದೊಡ್ಡ ಟ್ರಯಲ್‌ನ ಫಲಿತಾಂಶ 2015ರಲ್ಲಿ ಬಂತು. ಮಾಮೂಲು ವೈದ್ಯರ ಆರೈಕೆ ಎಲ್ಲರಿಗೂ ಇತ್ತು. ಅದರ ಮೇಲೆ ಕೆಲವರಿಗೆ ಬೀಟಿಂಗ್ ದ ಬ್ಲೂಸ್, ಕೆಲವರಿಗೆ ಮೂಡ್‌ಜಿಮ್. ಬೀಟಿಂಗ್ ದ ಬ್ಲೂಸ್ ಅಂದರೆ ಯಾವ ಚಿಕಿತ್ಸೆ ಕೊಡಬಹುದು ಅಂತ ಸಲಹೆ ಕೊಡುವ ಅಲ್ಲಿನ ನೈಸ್ ಸಂಸ್ಥೆ 2006ರಲ್ಲೇ ಶಿಫಾರಸು ಮಾಡಿದ್ದ ಪ್ರೋಗ್ರಾಂ. ನಾಲ್ಕು ತಿಂಗಳಿಗೆ ನೋಡಿದರೆ ಮೂರೂ ಗುಂಪಿನಲ್ಲಿ ವ್ಯತ್ಯಾಸವೇ ಇಲ್ಲ. ಎಲ್ಲ ಪಾಠ ಮುಗಿಸಿದವರು ಐದರಲ್ಲಿ ಒಬ್ಬರೂ ಇರಲಿಲ್ಲ. ಈ ಸತ್ಯ ಹೇಗೆ ಹೊರಬಂತು ಗೊತ್ತಾ? ಪಾಠ ಬಿಟ್ಟವರನ್ನೂ ಲೆಕ್ಕದಿಂದ ಬಿಡಲಿಲ್ಲ. ಚೀಟಿಯಲ್ಲಿ ಯಾವ ಗುಂಪು ಬಂತೋ, ಒಂದು ಪಾಠವನ್ನೂ ತೆರೆಯದಿದ್ದರೂ ಕೊನೆಯವರೆಗೆ ಅದೇ ಗುಂಪು.

ಒಂದು ಸಣ್ಣ ಲೆಕ್ಕ ಮಾಡೋಣ. ಸುಮ್ನೆ ಉದಾಹರಣೆಗೆ. ಪಾಠದ ಗುಂಪಿನಲ್ಲಿ 100 ಜನ. ಕೊನೆಯ ಫಾರಂ ಕಳಿಸಿದವರು 40. ಅವರ ಸರಾಸರಿ ಇಳಿಕೆ 6 ಅಂಕ. ಉಳಿದ 60 ಜನ? ಅವರೂ ಹಾಗೇ ಸುಧಾರಿಸಿದ್ದಾರೆ ಅಂದುಕೊಂಡರೆ ಗುಂಪಿನ ಇಳಿಕೆ 6. ಅವರಲ್ಲಿ ಏನೂ ಬದಲಾಗಿಲ್ಲ ಅಂದುಕೊಂಡರೆ 2.4. ಅವರು ತಲಾ 2 ಅಂಕ ಮೇಲೇರಿದ್ದಾರೆ ಅಂದುಕೊಂಡರೆ 1.2. ಆಪ್ ಒಂದೇ, ಜನ ಅವರೇ, ಉತ್ತರ ಮೂರು. ಸಂಖ್ಯಾಶಾಸ್ತ್ರದವರ ಹತ್ತಿರ ಖಾಲಿ ಜಾಗ ತುಂಬುವ ಒಳ್ಳೊಳ್ಳೆ ವಿಧಾನಗಳಿವೆ, ಇಲ್ಲ ಅನ್ನುವುದಿಲ್ಲ. ಆದರೆ ಅವೆಲ್ಲ ಊಹೆಯನ್ನು ಜಾಣತನದಿಂದ ಮಾಡುವ ದಾರಿಗಳು. ಒಬ್ಬರು ಫೋನ್ ಎತ್ತಿ ಏಳು ಪ್ರಶ್ನೆಗೆ ಉತ್ತರ ಹೇಳಿದರೆ ಊಹೆಯೇ ಬೇಡ.

ನನಗೆ ಈಗಲೂ ನೆನಪಿರುವ ಒಂದು ಕರೆ ಇದೆ. ಐದು ಸಲ ಎತ್ತದ ಒಬ್ಬರು ಆರನೇ ಸಲ ಎತ್ತಿದರು. ನಾನು ಹೆಸರು ಹೇಳಿದ್ದೇ ತಡ, ಸಾರಿ ಸಾರ್, ನನ್ನಿಂದ ಆಗಲಿಲ್ಲ ಅಂದರು. ದನಿ ಹೇಗಿತ್ತು ಅಂದರೆ, ಪರೀಕ್ಷೆಯಲ್ಲಿ ಫೇಲಾದ ಹುಡುಗ ಮೇಷ್ಟ್ರ ಮುಂದೆ ನಿಂತ ಹಾಗೆ. ಸರಿ ಬಿಡಿ, ಯಾಕೆ ಆಗಲಿಲ್ಲ ಅಂತ ಕೇಳಿದೆ. ಆ ಪ್ರೋಗ್ರಾಂನಲ್ಲಿ ಆಲೋಚನೆಗಳ ಪಟ್ಟಿ ಅಂತ ಒಂದು ಅಭ್ಯಾಸ. ಏನಾಯಿತು, ಆಗ ತಲೆಗೆ ಏನು ಬಂತು, ಅದಕ್ಕೆ ಆಧಾರವೇನು ಅಂತ ಮೂರು ಕಾಲಂ. ಅವರು ಮೆಟ್ಟಿಲ ಮೇಲೆ ಕೂತು ಸಣ್ಣ ಫೋನಿನಲ್ಲಿ ಟೈಪ್ ಮಾಡುತ್ತಿದ್ದರಂತೆ. ಮೂರನೇ ಕಾಲಂಗೆ ಹೋದರೆ ಮೊದಲನೆಯದು ತೆರೆಯಿಂದ ಹೊರಗೆ ಹೋಗುತ್ತದೆ. ತಾನೇ ಏನು ಬರೆದೆ ಅಂತ ಮರೆಯುತ್ತದೆ. ವಾಪಸ್ ಹೋದರೆ ಬರೆದದ್ದು ಅಳಿಸಿಹೋಗುತ್ತದೆ. ಎರಡು ಸಲ ಹಾಗಾಯಿತು. ಮೂರನೇ ಸಲ ಅವರಿಗೆ ಅನ್ನಿಸಿದ್ದು ಆಪ್ ಸರಿಯಿಲ್ಲ ಅಂತಲ್ಲ. ತನ್ನ ತಲೆಯೇ ಸರಿಯಿಲ್ಲ ಅಂತ.

ಖಿನ್ನತೆ ಇರುವವರಿಗೆ ಏನೇ ಕೆಟ್ಟರೂ ತಪ್ಪು ತಮ್ಮದೇ ಅನ್ನಿಸುತ್ತದೆ. ಅಂಥವರ ಕೈಗೆ ಪ್ರೋಗ್ರಾಂ ಕೊಟ್ಟು, ಬಿಟ್ಟುಹೋದವರ ಕಥೆ ಕೇಳದೇ ಇದ್ದರೆ, ಕೆಟ್ಟ ಪ್ರೋಗ್ರಾಂ ಯಾವತ್ತೂ ಸಿಕ್ಕಿಬೀಳುವುದಿಲ್ಲ.

ಆ ಕರೆ ಮುಗಿಯುವಾಗ ಅವರು ಒಂದು ಮಾತು ಹೇಳಿದರು. ಈಗ ನೋಟ್‌ಬುಕ್‌ನಲ್ಲಿ ಸ್ಕೇಲ್ ಇಟ್ಟು ಮೂರು ಕಾಲಂ ಹಾಕಿಕೊಂಡು ಬರೆಯುತ್ತಿದ್ದೇನೆ, ಅದು ನಡೆಯುತ್ತದಾ ಅಂತ. ನಮ್ಮ ಕಂಪ್ಯೂಟರ್‌ನಲ್ಲಿ ಅವರು ಎರಡನೇ ಪಾಠಕ್ಕೆ ನಿಂತವರು. ಆದರೆ ಅಭ್ಯಾಸ ನಿಲ್ಲಿಸಿರಲೇ ಇಲ್ಲ.

ಗೆಳತಿಗೆ ಇಷ್ಟು ಹೇಳಿ. ಪಾಠ ನಿಲ್ಲಿಸುವುದು ಬೇರೆ, ಟ್ರಯಲ್ ಬಿಡುವುದು ಬೇರೆ. ಪಾಠ ಮುಟ್ಟದೆಯೂ ಫಾರಂ ತುಂಬಬಹುದು. ಬೇಡವೇ ಬೇಡ ಅನ್ನಿಸಿದರೆ ಕಾರಣ ಕೊಡದೆ ಹೊರಗೆ ಬರುವ ಹಕ್ಕೂ ಇದೆ, ಒಪ್ಪಿಗೆಯ ಹಾಳೆಯಲ್ಲೇ ಬರೆದಿರುತ್ತದೆ. ನಿಮಗೂ ಅಷ್ಟೇ.


ಪಾಠಏಳು:

ಏಳು ಪಾಠ ಮುಗಿಸಿದ ಅಪರೂಪದ ಪ್ರಾಣಿ ನಾನು. ಹೆಸರು ಅದಕ್ಕೇ.

ಮುಗಿಸಿದ್ದು ಶಿಸ್ತಿನಿಂದ ಅಲ್ಲ, ನಾಚಿಕೆಯಿಂದ. ನನ್ನ ಪ್ರೋಗ್ರಾಂನಲ್ಲಿ ಒಬ್ಬ ಗೈಡ್ ಇದ್ದರು. ವಾರಕ್ಕೊಂದು ಸಂದೇಶ, ಐದಾರು ಸಾಲು. ಮೊದಲ ವಾರ ಇದು ಮೆಷಿನ್ ಬರೆದದ್ದು ಅಂದುಕೊಂಡೆ. ಎರಡನೇ ವಾರ ಅವರು ಬರೆದರು: ನೀವು ಮಂಗಳವಾರ ಲಿಫ್ಟ್‌ನಲ್ಲಿ ಹೋಗಲಿಲ್ಲ ಅಂತ ಬರೆದಿದ್ದೀರಿ, ಬುಧವಾರದ ಸಾಲು ಖಾಲಿ ಇದೆ, ಬುಧವಾರ ಏನಾಯಿತು? ಅಯ್ಯೋ, ಯಾರೋ ಓದುತ್ತಿದ್ದಾರೆ! ಬುಧವಾರ ನಾನು ಕೆಲಸಕ್ಕೇ ಹೋಗಿರಲಿಲ್ಲ. ಅದನ್ನು ಬರೆಯುವುದಕ್ಕೆ ನನಗೆ ಎರಡು ದಿನ ಬೇಕಾಯಿತು, ಬರೆದೆ. ಆಮೇಲಿನ ಪಾಠಗಳನ್ನೆಲ್ಲ ಮಾಡಿದ್ದು ಆ ಒಬ್ಬ ಓದುಗರಿಗಾಗಿ ಅಂದರೂ ತಪ್ಪಿಲ್ಲ. ಅವರ ಮುಖ ಇವತ್ತಿನವರೆಗೂ ನೋಡಿಲ್ಲ.

ಐದನೇ ಪಾಠ ಲಿಫ್ಟ್‌ನದೇ. ಮೊದಲ ದಿನ ಬಾಗಿಲು ತೆರೆದಾಗ ಹೊರಗೆ ನಿಂತು ನೋಡುವುದಷ್ಟೇ. ಮರುದಿನ ಒಳಗೆ ಹೋಗಿ, ಬಾಗಿಲು ಮುಚ್ಚುವ ಮೊದಲು ಹೊರಗೆ. ಆಮೇಲೆ ಒಂದು ಮಹಡಿ. ಪ್ರತಿ ಸಲ ಹೆದರಿಕೆಗೆ 100ರಲ್ಲಿ ಎಷ್ಟು ಅಂತ ಅಂಕ ಕೊಡಬೇಕು. ಮೊದಲ ಮಹಡಿಗೆ 85 ಕೊಟ್ಟಿದ್ದೆ. ಒಂಬತ್ತನೇ ಸಲ 40. ಪಕ್ಕದಲ್ಲಿ ನಿಂತವರು ಇವಳಿಗೇನು, ಎಲ್ಲೂ ಹೋಗದೆ ಲಿಫ್ಟ್ ಹತ್ತಿ ಇಳಿಯುತ್ತಾಳೆ ಅಂತ ನೋಡುತ್ತಿದ್ದರು, ನೋಡಲಿ.

ಖಾಲಿಡಬ್ಬ ಅವರೇ, ಮನುಷ್ಯ ಬೇಕು ಅನ್ನುವುದನ್ನು ಒಪ್ಪುತ್ತೇನೆ. ಆದರೆ ಎದುರಿಗೇ ಕೂರಬೇಕು ಅಂತಿಲ್ಲ. ವಾರಕ್ಕೆ ಹತ್ತು ನಿಮಿಷ ನನ್ನ ಸಾಲುಗಳನ್ನು ಓದುವವರಿದ್ದರೆ ಸಾಕಾಗಿತ್ತು.


ಮೂರುಗಂಟೆಯವಳು:

ಫೋನುಡ್ಯೂಟಿ ಅವರೇ, ಓದಿ ತುಂಬಾ ಹೊತ್ತು ಸುಮ್ಮನೆ ಕೂತೆ. ಕಳೆಯಬೇಕಾದ ಸಂಖ್ಯೆ ನಾನು! ಹೊಗಳಿಕೆಯೋ ಬೈಗುಳವೋ ಗೊತ್ತಾಗಲಿಲ್ಲ, ಆದರೆ ಲೆಕ್ಕ ಅರ್ಥವಾಯಿತು. ಪಾಠಏಳು ಅಕ್ಕಾ, ಲಿಫ್ಟ್ ಕಥೆಗೆ ನಕ್ಕೆ, ತಪ್ಪು ತಿಳಿಯಬೇಡಿ.

ಇನ್ನೆರಡು ಕೇಳಬೇಕು. ಒಂದು, ಕಾಯುವ ಈ ವಾರಗಳಲ್ಲಿ ನಾನು ಡಾಕ್ಟರ ಹತ್ತಿರ ಅಥವಾ ಕೌನ್ಸೆಲರ್ ಹತ್ತಿರ ಹೋದರೆ ಅವರ ಟ್ರಯಲ್ ಹಾಳಾಗುತ್ತದಾ? ಆ ಭಯಕ್ಕೆ ಹೋಗಿಲ್ಲ.

ಎರಡನೆಯದು ಬರೆಯಲು ಕಷ್ಟ. ಪಿಎಚ್‌ಕ್ಯೂ-9ರ ಒಂಬತ್ತನೇ ಪ್ರಶ್ನೆ ಗೊತ್ತಲ್ಲ, ಸತ್ತರೇ ಚೆನ್ನ ಅನ್ನಿಸುತ್ತದಾ ಅನ್ನುವುದು. ಮೊದಲ ಸಲ 0 ಹಾಕಿದ್ದೆ. ಮೊನ್ನೆ 1 ಹಾಕಿದೆ. ಮರುದಿನ ಬೆಳಗ್ಗೆ ಟ್ರಯಲ್‌ನವರ ಫೋನ್ ಬಂತು, ಹತ್ತು ನಿಮಿಷ ವಿಚಾರಿಸಿದರು. ಹೆದರಿಕೊಂಡು ಹಾಗೇನಿಲ್ಲ ಅಂದುಬಿಟ್ಟೆ. 1 ಹಾಕಿದರೆ ಹೊರಗೆ ಹಾಕುತ್ತಾರಾ? ಮುಂದಿನ ಸಲ 0 ಹಾಕಬೇಕಾ?


ಫೋನುಡ್ಯೂಟಿ:

ಮೊದಲು ಎರಡನೆಯದಕ್ಕೆ. 0 ಹಾಕಬೇಡಿ. ನಿಮಗೆ ಏನು ಅನ್ನಿಸುತ್ತದೋ ಅದನ್ನೇ ಹಾಕಿ. ಆ ಪ್ರಶ್ನೆಗೆ 0 ಬಿಟ್ಟು ಬೇರೆ ಬಂದರೆ ನಮ್ಮ ಕಂಪ್ಯೂಟರ್‌ನಲ್ಲಿ ಆ ಸಾಲು ಕೆಂಪಾಗುತ್ತಿತ್ತು. ಮರುದಿನದ ಮೊದಲ ಕರೆ ಅವರಿಗೇ. ಹೊರಗೆ ಹಾಕುವುದಕ್ಕಲ್ಲ. ಎಷ್ಟು ಸಲ ಬರುತ್ತದೆ, ಹೇಗೆ ಅಂತ ಏನಾದರೂ ಯೋಚನೆ ಬಂದಿದೆಯಾ, ಜೊತೆಗೆ ಯಾರಿದ್ದಾರೆ ಅಂತ ಕೇಳುವುದಕ್ಕೆ. ಬೇಕಿದ್ದರೆ ಅವತ್ತೇ ಡಾಕ್ಟರಿಗೆ ತಲುಪಿಸುವುದಕ್ಕೆ. ಹಾಗೇನಿಲ್ಲ ಅಂದವರು ನೀವು ಮೊದಲಿಗರಲ್ಲ. ಅದೇ ನಂಬರಿಗೆ ವಾಪಸ್ ಮಾಡಿ, ನಿನ್ನೆ ಸರಿಯಾಗಿ ಹೇಳಲಿಲ್ಲ ಅನ್ನಿ. ಯಾರೂ ಬೈಯುವುದಿಲ್ಲ.

ಇನ್ನೊಂದು ಮುಖ್ಯ ವಿಷಯ. ನಿಮಗೆ ಎಚ್ಚರವಾಗುವುದು ಮೂರಕ್ಕೆ. ಆ ಹೊತ್ತಿನಲ್ಲಿ ನೀವು ತುಂಬಿದ ಫಾರಂ ಅನ್ನು ಯಾರೂ ನೋಡುತ್ತಿರುವುದಿಲ್ಲ, ಬೆಳಗಾಗಬೇಕು. ಹಾಗಾಗಿ ಆ ಯೋಚನೆ ಗಟ್ಟಿಯಾದ ರಾತ್ರಿ ಫಾರಂ ಅಲ್ಲ, ಮನುಷ್ಯರನ್ನು ಎಬ್ಬಿಸಿ. ಮನೆಯವರು, ಗೆಳತಿ, ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗ, ಸಹಾಯವಾಣಿ, ಯಾರಾದರೂ ಸರಿ. ಆ ನಂಬರುಗಳನ್ನು ಈಗಲೇ, ಹಗಲಲ್ಲೇ ಸೇವ್ ಮಾಡಿ ಇಟ್ಟುಕೊಳ್ಳಿ.

ಮೊದಲನೆಯದು ಸುಲಭ. ಡಾಕ್ಟರ ಹತ್ತಿರ ಹೋಗಿ. ಟ್ರಯಲ್‌ಗೆ ನಿಮ್ಮನ್ನು ತಡೆಯುವ ಹಕ್ಕಿಲ್ಲ. ಹೋದದ್ದನ್ನು, ಮಾತ್ರೆ ಶುರು ಮಾಡಿದ್ದರೆ ಅದನ್ನು, ಮುಂದಿನ ಫಾರಂನಲ್ಲಿ ಬರೆದರಾಯಿತು. ಟ್ರಯಲ್ ಹಾಳಾಗುವುದು ನೀವು ಹೋಗುವುದರಿಂದಲ್ಲ, ಹೋಗಿ ಹೇಳದೇ ಇರುವುದರಿಂದ.


ಸರಾಸರಿ:

ಅಂಕಿಸಂಖ್ಯೆ ನನ್ನ ಕಸುಬು, ಒಂದೆರಡು ಸೇರಿಸುತ್ತೇನೆ.

ಆನ್‌ಲೈನ್ ಥೆರಪಿ ಕೆಲಸ ಮಾಡುತ್ತದಾ ಅಂತ ಕೇಳಿದರೆ, ಯಾವುದಕ್ಕೆ ಹೋಲಿಸಿ ಅಂತ ವಾಪಸ್ ಕೇಳಬೇಕು. 2010ರಲ್ಲಿ ಗ್ಯಾವಿನ್ ಆಂಡ್ರ್ಯೂಸ್ ತಂಡ 22 ಟ್ರಯಲ್‌ಗಳನ್ನು ಒಟ್ಟು ಹಾಕಿ ಕೊಟ್ಟ ಎಫೆಕ್ಟ್ ಸೈಜ್, ಅಂದರೆ ಹೋಲಿಕೆಯ ಗುಂಪಿಗಿಂತ ಎಷ್ಟು ಹೆಚ್ಚು ಸುಧಾರಿಸಿದರು ಅನ್ನುವ ಅಳತೆ, 0.88. ಬಹಳ ದೊಡ್ಡದು. 2017ರಲ್ಲಿ ಕಾರ್ಯೋಟಾಕಿ ತಂಡ ಗೈಡ್ ಇಲ್ಲದ, ಖಿನ್ನತೆಯ ಪ್ರೋಗ್ರಾಂಗಳನ್ನು ಮಾತ್ರ ತೆಗೆದುಕೊಂಡು, 3,876 ಜನರ ಒಬ್ಬೊಬ್ಬರ ಅಂಕವನ್ನೂ ಸೇರಿಸಿ ನೋಡಿತು. ಬಂದದ್ದು 0.27, ಸಣ್ಣದು. ಎರಡೂ ಸುಳ್ಳಲ್ಲ, ಅಳೆದದ್ದೇ ಬೇರೆ ಬೇರೆ. ಮೊದಲನೆಯದರಲ್ಲಿ ಖಿನ್ನತೆಯ ಜೊತೆ ಪ್ಯಾನಿಕ್, ಸೋಶಿಯಲ್ ಆಂಗ್ಸೈಟಿ ಎಲ್ಲ ಇದ್ದವು.

ಪಾಠಏಳು ಅವರ ಗೈಡ್ ಕಥೆಗೂ ಲೆಕ್ಕ ಇದೆ. ಅದೇ ಕಾರ್ಯೋಟಾಕಿ 2021ರಲ್ಲಿ 39 ಟ್ರಯಲ್, 9,751 ಜನರನ್ನು ನೋಡಿದಾಗ, ಖಿನ್ನತೆ ಹಗುರವಾಗಿದ್ದವರಿಗೆ ಗೈಡ್ ಇದ್ದರೂ ಇಲ್ಲದಿದ್ದರೂ ಅಂಥ ವ್ಯತ್ಯಾಸವಿಲ್ಲ. ಪಿಎಚ್‌ಕ್ಯೂ-9ರಲ್ಲಿ 9 ದಾಟಿದವರಿಗೆ ಗೈಡ್ ಇದ್ದರೆ ಒಳ್ಳೆಯದು. ಮೂರುಗಂಟೆಯವಳು ಅವರ 12ಕ್ಕೆ ಇದು ಅನ್ವಯಿಸುತ್ತದೆ, ಪಾಠ ಶುರುವಾದಾಗ ಗೈಡ್ ಇದ್ದಾರಾ ಅಂತ ಕೇಳಿ ನೋಡಿ. ಖಾಲಿಡಬ್ಬ ಅವರಿಗೆ: ಗೈಡ್ ಇರುವ ಆನ್‌ಲೈನ್ ಸಿಬಿಟಿಯನ್ನು ಎದುರಾಬದುರು ಕೂತು ಮಾಡುವ ಸಿಬಿಟಿಗೆ ನೇರ ಹೋಲಿಸಿದ 20 ಟ್ರಯಲ್‌ಗಳನ್ನು 2018ರಲ್ಲಿ ಸೇರಿಸಿ ನೋಡಿದ್ದಾರೆ. ಹೆಚ್ಚುಕಡಿಮೆ ಸಮ.

ಆಪ್ ಬಗ್ಗೆ ಸುದ್ದಿ ಓದುವಾಗ ನಾನು ಮೊದಲು ಹುಡುಕುವುದು ಜನ ಎಷ್ಟು, ವಾರ ಎಷ್ಟು ಅಂತ. ವೋಬಾಟ್ ಎಂಬ ಮಾತಾಡುವ ಬಾಟ್‌ನ ಹೆಸರು ಮಾಡಿದ 2017ರ ಟ್ರಯಲ್‌ನಲ್ಲಿ ಇದ್ದದ್ದು 70 ಜನ, ಎರಡು ವಾರ. ಹೋಲಿಕೆಯ ಗುಂಪಿಗೆ ಕೊಟ್ಟದ್ದು ಖಿನ್ನತೆಯ ಬಗ್ಗೆ ಒಂದು ಇ-ಪುಸ್ತಕ. ಶುರುವಿಗೆ ಕೆಟ್ಟದ್ದೇನಲ್ಲ, ಆದರೆ ಎರಡು ವಾರದಲ್ಲಿ ಯಾವ ಹೊಸ ವಸ್ತುವಾದರೂ ಚೆನ್ನಾಗಿಯೇ ಇರುತ್ತದೆ.


ಖಾಲಿಡಬ್ಬ:

ಸಮ ಅಂದರಲ್ಲ, ಆ 20ರಲ್ಲಿ ಸೇರಿದವರೆಲ್ಲ ಆನ್‌ಲೈನ್ ಆದರೂ ಪರವಾಗಿಲ್ಲ ಅಂತ ಒಪ್ಪಿಕೊಂಡು ಬಂದವರೇ ಅಲ್ವಾ? ನನ್ನಂಥವರು ಅಲ್ಲಿಗೆ ಹೋಗುವುದೇ ಇಲ್ಲ.


ಸರಾಸರಿ:

ಹೌದು. ಅದು ನ್ಯಾಯವಾದ ಮಾತು. ಉತ್ತರ ಇಲ್ಲ.


ಮೂರುಗಂಟೆಯವಳು:

ಎಲ್ಲರಿಗೂ ಥ್ಯಾಂಕ್ಸ್. ಮೂರು ಕೆಲಸ ಮಾಡಿದೆ. ಟ್ರಯಲ್‌ನವರಿಗೆ ವಾಪಸ್ ಫೋನ್ ಮಾಡಿ ನಿಜ ಹೇಳಿದೆ. ಕೇಳಿದವರು ಸುಮ್ಮನೆ ಕೇಳಿಸಿಕೊಂಡರು, ಪುಣ್ಯಕ್ಕೆ. ಶುಕ್ರವಾರ ಡಾಕ್ಟರ್ ಹತ್ತಿರ ಸಮಯ ಸಿಕ್ಕಿದೆ. ಮತ್ತೆ ಗೆಳತಿಗೆ ನಿಮ್ಮ ಮೆಟ್ಟಿಲ ಮೇಲಿನವರ ಕಥೆ ಓದಿ ಹೇಳಿದೆ.

ಓದುತ್ತಾ ಇದ್ದಂತೆ ಅವಳು ಬಾಯಿಬಿಟ್ಟಳು. ಮೂರನೇ ಪಾಠದಲ್ಲಿ, ನಿಮ್ಮನ್ನು ಕಾಡುವ ಒಂದು ನೆನಪು ಬರೆಯಿರಿ ಅಂತ ಡಬ್ಬಿ ಇತ್ತಂತೆ. ಅವಳು ಅಪ್ಪ ತೀರಿಹೋದ ರಾತ್ರಿಯ ಬಗ್ಗೆ ಬರೆದಳು. ಆಸ್ಪತ್ರೆಯಿಂದ ಫೋನ್ ಬಂದಾಗ ಮಲಗಿದ್ದೆ, ಎತ್ತಲಿಲ್ಲ ಅನ್ನುವುದನ್ನು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ನನಗೂ. ಬರೆದು ಮುಂದೆ ಒತ್ತಿದಳು. ತೆರೆ ತುಂಬ ಬಲೂನು ಹಾರಿದವು. ಶಹಬ್ಬಾಸ್, ನೀವು 3ನೇ ಪಾಠ ಮುಗಿಸಿದ್ದೀರಿ ಅಂತ ಬಂತು.

ಅವತ್ತಿನಿಂದ ತೆರೆದಿಲ್ಲ.

ಈಗ ಫಾರಂ ತುಂಬಲು ಒಪ್ಪಿದ್ದಾಳೆ. ಆದರೆ ಪ್ರಶ್ನೆಗಳನ್ನೆಲ್ಲ ನೋಡಿದೆವು, ಇದನ್ನು ಬರೆಯಲು ಜಾಗವೇ ಇಲ್ಲ. ನಿದ್ದೆ ಹೇಗಿದೆ, ಹಸಿವು ಹೇಗಿದೆ, 0, 1, 2, 3. ಬಲೂನನ್ನು ಎಲ್ಲಿ ಹಾಕುವುದು?


ಫೋನುಡ್ಯೂಟಿ:

ಕೊನೆಯ ಪುಟದಲ್ಲಿ ಇತರ ಅಭಿಪ್ರಾಯಗಳು ಅಂತ ಒಂದು ಡಬ್ಬಿ ಇರುತ್ತದೆ. ಎಲ್ಲರೂ ಖಾಲಿ ಬಿಡುವ ಡಬ್ಬಿ. ಅಲ್ಲಿ ಬರೆಯಲಿ. ಬಲೂನು ಅಂತಲೇ ಬರೆಯಲಿ, ಸುತ್ತಿ ಬಳಸಿ ಬೇಡ. ಅಪ್ಪನ ವಿಷಯ ಹೇಳಬೇಕಾಗಿಲ್ಲ, ನೋವಿನ ವಿಷಯ ಬರೆದ ಕೂಡಲೇ ಬಲೂನು ಬಂತು, ಅದಕ್ಕೇ ನಿಲ್ಲಿಸಿದೆ ಅಂದರೆ ಸಾಕು. ಚಿಕಿತ್ಸೆಯಿಂದ ಆಗುವ ಕೆಡುಕನ್ನೂ ಲೆಕ್ಕ ಇಡುವುದು ಟ್ರಯಲ್‌ನ ಕೆಲಸವೇ. ಆನ್‌ಲೈನ್ ಸಿಬಿಟಿಯ 29 ಟ್ರಯಲ್ ಸೇರಿಸಿ 2017ರಲ್ಲಿ ನೋಡಿದಾಗ, ಪಾಠ ಸಿಕ್ಕವರಲ್ಲೂ ನೂರಕ್ಕೆ 5.8 ಜನ ಮೊದಲಿಗಿಂತ ಕೆಟ್ಟಿದ್ದರು. ಹೋಲಿಕೆಯ ಗುಂಪಿನಲ್ಲಿ ಅದಕ್ಕಿಂತ ಜಾಸ್ತಿ, 17.4. ಆದರೂ ಆ 5.8ರಲ್ಲಿ ಯಾರಿಗೆ ಏನಾಯಿತು ಅಂತ ಸ್ಕೋರ್ ಹೇಳುವುದಿಲ್ಲ.

ಅವರು ಫೋನಿನಲ್ಲಿ ಹೇಳುವುದಾದರೆ ಇನ್ನೂ ಒಳ್ಳೆಯದು. ಎತ್ತಿದವರಿಗೆ ಬರೆದುಕೊಳ್ಳಿ ಅಂತ ಹೇಳಬೇಕು. ಹಾಗೆ ಹೇಳದಿದ್ದರೆ ನಾವೂ ಬರೆದುಕೊಳ್ಳುತ್ತಿರಲಿಲ್ಲ.


ಮೂರುಗಂಟೆಯವಳು:

ಪಕ್ಕದಲ್ಲೇ ಕೂತು ಬರೆಯುತ್ತಿದ್ದಾಳೆ. ಡಬ್ಬಿಯಲ್ಲಿ 250 ಅಕ್ಷರ ಮಾತ್ರ ಹಿಡಿಯುತ್ತದಂತೆ. ಬೈದುಕೊಂಡು ಎರಡನೇ ಸಲ ಚಿಕ್ಕದು ಮಾಡುತ್ತಿದ್ದಾಳೆ.